ಅರ್ಧ ಶೀಟ್ ಮಾತ್ರೆ ಕೊಳ್ಳುವವರ ಆರೋಗ್ಯದ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ‘ಆರೋಗ್ಯದ ಎಂಟು ಮುಖಗಳು’ ಲೇಖನ ಓದಿದೆ. ಪುಟದ ನಡುವೆ ಎಂಟು ಎಸಳಿನ ಬಣ್ಣದ ಹೂವು. ಒಂದೊಂದು ಎಸಳಿಗೆ ಒಂದೊಂದು ಹೆಸರು: ದೇಹ, ಮನಸ್ಸು, ಜನರ ಒಡನಾಟ, ಕೆಲಸ, ಹಣ, ಬುದ್ಧಿ, ಪರಿಸರ, ಅಧ್ಯಾತ್ಮ. ಪ್ರತಿ ಎಸಳಿಗೂ ನಮಗೆ ನಾವೇ ಹತ್ತಕ್ಕೆ ಎಷ್ಟು ಅಂತ ಅಂಕ ಕೊಟ್ಟುಕೊಳ್ಳಬೇಕಂತೆ. ಕಡಿಮೆ ಬಂದ ಕಡೆ ‘ಇಂದಿನಿಂದಲೇ ಗಮನ ಕೊಡಿ’ ಅನ್ನುವ ಸಲಹೆ. ಲೇಖನದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದಿ ಮುಗಿಸುವ ಹೊತ್ತಿಗೆ ಸಿಟ್ಟು ಬಂದಿತ್ತು. ಯಾಕೆ ಅಂತ ಹೇಳೋಕೆ ಈ ಪತ್ರ. ಉದ್ದ ಆಗಿದೆ. ಕತ್ತರಿ ಹಾಕುವುದಾದರೆ ಹಾಕಿ, ಹಣದ ಭಾಗಕ್ಕೆ ಮಾತ್ರ ಹಾಕಬೇಡಿ.

ನಾನು ಬೆಂಗಳೂರಿನ ವಿಜಯನಗರದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಡಿ.ಫಾರ್ಮ ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ರೋಗದ ಬಗ್ಗೆ ದೊಡ್ಡ ಮಾತು ಆಡುವುದಿಲ್ಲ. ಆದರೆ ನಮ್ಮ ಏರಿಯಾದವರು ಯಾವ ಹೊತ್ತಿಗೆ ಏನು ಕೇಳಿಕೊಂಡು ಬರುತ್ತಾರೆ, ರೇಟು ಕೇಳಿ ಏನನ್ನು ಕೊಳ್ಳದೆ ವಾಪಸ್ ಹೋಗುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ನಿಮ್ಮ ಹೂವಿನ ಎಂಟು ಎಸಳೂ ನನ್ನ ಕೌಂಟರಿಗೆ ಬರುತ್ತವೆ, ಬಿಡಿಬಿಡಿಯಾಗಿ ಬರುವುದಿಲ್ಲ ಅಷ್ಟೇ. ಗಣೇಶನ ಹಬ್ಬ ಮುಗಿದ ಮೇಲೆ ಚೀಲಕ್ಕೆ ತುರುಕಿಟ್ಟ ಸೀರಿಯಲ್ ಸೆಟ್ ತಂತಿಯ ಹಾಗೆ ಗಂಟು ಹಾಕಿಕೊಂಡು ಒಬ್ಬರ ಮೈಮೇಲೇ ಬರುತ್ತವೆ. ಒಂದನ್ನು ಎಳೆದರೆ ಇನ್ನೊಂದು ಬಿಗಿಯುತ್ತದೆ. ಅದೂ ಅಲ್ಲದೆ, ಎಳೆಯಬೇಕಾದ ತುದಿ ಹಲವು ಸಲ ಅವರ ಕೈಯಲ್ಲೇ ಇರುವುದಿಲ್ಲ. ಅವರ ಕಂಪನಿಯ ಕೈಯಲ್ಲಿ, ಮನೆ ಓನರ್ ಕೈಯಲ್ಲಿ, ರಸ್ತೆ ಅಗೆದು ಮುಚ್ಚದೆ ಹೋದವರ ಕೈಯಲ್ಲಿ ಇರುತ್ತದೆ. ನಿಮ್ಮ ಲೇಖನ ಅವರನ್ನೆಲ್ಲ ಬಿಟ್ಟು, ಅಂಕ ಹಾಕುವ ಕೆಲಸವನ್ನೂ ಫೇಲ್ ಆದ ತಪ್ಪನ್ನೂ ಓದುಗರ ತಲೆಗೇ ಕಟ್ಟಿದೆ. ಸಿಟ್ಟು ಬಂದಿದ್ದು ಇದಕ್ಕೆ.

ಈ ಎಂಟರ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕಿ ನೋಡಿದೆ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶುರುವಾದಾಗಲೇ, ಕಾಯಿಲೆ ಇಲ್ಲ ಅಂದಮಾತ್ರಕ್ಕೆ ಆರೋಗ್ಯ ಇದೆ ಅಂತಲ್ಲ, ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಚೆನ್ನಾಗಿರಬೇಕು ಅಂತ ತನ್ನ ಸಂವಿಧಾನದಲ್ಲಿ ಬರೆದುಕೊಂಡಿತ್ತು. 1976ರಲ್ಲಿ ಅಮೆರಿಕದ ಡಾ. ಬಿಲ್ ಹೆಟ್ಲರ್ ಅನ್ನುವವರು ಆರು ಮುಖ ಅಂದರು. ಆ ಆರರಲ್ಲಿ ಕೆಲಸ ಇತ್ತು, ಹಣ ಇರಲಿಲ್ಲ, ಪರಿಸರವೂ ಇರಲಿಲ್ಲ. ಅವೆರಡನ್ನು ಆಮೇಲೆ ಬಂದವರು ಸೇರಿಸಿ ಎಂಟು ಮಾಡಿದರು. ಹೆಟ್ಲರ್ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಆರೋಗ್ಯ ನೋಡಿಕೊಳ್ಳುತ್ತಿದ್ದವರು. ನಮ್ಮ ರಸ್ತೆಯಲ್ಲಿ ಒಂದು ತಿಂಗಳು ಅಂಗಡಿ ಇಟ್ಟಿದ್ದರೆ ಹಣವನ್ನೇ ಮೊದಲು ಬರೆಯುತ್ತಿದ್ದರೋ ಏನೋ.

ಹಣದ ಎಸಳಿಗೆ ನಿಮ್ಮ ಲೇಖಕರು ಕೊಟ್ಟಿದ್ದು ಮೂರೇ ಸಾಲು. ಬಜೆಟ್ ಮಾಡಿ, ಉಳಿಸಿ, ವಿಮೆ ಮಾಡಿಸಿ. ಸರಿ. ತಿಂಗಳ ಇಪ್ಪತ್ತನೇ ತಾರೀಕು ದಾಟಿದ ಮೇಲೆ ನನ್ನ ಅಂಗಡಿಯಲ್ಲಿ ಏನಾಗುತ್ತದೆ ಕೇಳಿ. ಬಿಪಿ, ಶುಗರ್ ಮಾತ್ರೆಯನ್ನು ಶೀಟ್ ಲೆಕ್ಕದಲ್ಲಿ ಒಯ್ಯುತ್ತಿದ್ದವರು ‘ಐದು ಕತ್ತರಿಸಿ ಕೊಡಣ್ಣ, ಸಂಬಳ ಆದ್ಮೇಲೆ ಪೂರ್ತಿ ತಗೋತೀನಿ’ ಅನ್ನುತ್ತಾರೆ. ಐದು ಮಾತ್ರೆಯನ್ನು ತಿಂಗಳ ಕೊನೆವರೆಗೆ ಹೇಗೆ ಓಡಿಸುತ್ತಾರೆ ಅಂತ ನಾನು ಕೇಳಬೇಕಿಲ್ಲ. ದಿನ ಬಿಟ್ಟು ದಿನ. ಗ್ಯಾಸ್ಟ್ರಿಕ್ ಮಾತ್ರೆಗೆ ಯಾರೂ ಹೀಗೆ ಮಾಡುವುದಿಲ್ಲ, ಯಾಕೆಂದರೆ ಎದೆ ಉರಿ ಆಗಿಂದಾಗಲೇ ಗೊತ್ತಾಗುತ್ತದೆ. ಬಿಪಿ ಏರಿದ್ದು ಗೊತ್ತಾಗುವುದಿಲ್ಲ, ಶುಗರ್ ಏರಿದ್ದೂ ಬೇಗ ಗೊತ್ತಾಗುವುದಿಲ್ಲ. ಕಿಡ್ನಿಗೋ ಕಣ್ಣಿಗೋ ಪೆಟ್ಟು ಬಿದ್ದ ಮೇಲೆ ಗೊತ್ತಾಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಾದಾಗ ಮನುಷ್ಯ ನೋವಿಲ್ಲದ ಕಾಯಿಲೆಯ ಖರ್ಚನ್ನೇ ಮೊದಲು ಕತ್ತರಿಸುತ್ತಾನೆ. ಇದರಲ್ಲಿ ಅವರ ಅಜ್ಞಾನ ಏನೂ ಇಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ.

ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಬೆಂಬಲದ ಅಧ್ಯಯನ 2023ರಲ್ಲಿ ಹೇಳಿತು. ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಬಂದ ಕೂಡಲೇ ಎಲ್ಲರೂ ಅನ್ನ ಬಿಡಿ, ರಾಗಿ ತಿನ್ನಿ ಅಂತ ಬರೆದರು. ಮಾತ್ರೆಯನ್ನು ತಿಂಗಳಿಡೀ ಕೊಳ್ಳೋಕೆ ಎಷ್ಟು ಜನಕ್ಕೆ ಆಗುತ್ತಿದೆ ಅಂತ ಒಬ್ಬರೂ ಕೇಳಲಿಲ್ಲ.

ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ, ಆದರೂ ಹೇಳುತ್ತೇನೆ. ಜನೌಷಧಿ ಕೇಂದ್ರದಲ್ಲಿ ಬಹಳಷ್ಟು ಮಾತ್ರೆಗಳು ಕಂಪನಿ ಬ್ರ್ಯಾಂಡಿನ ಬೆಲೆಯ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಸಿಗುತ್ತವೆ. ಹೋಗಿ ಅಂದರೆ ಜನ ‘ಕಡಿಮೆ ರೇಟು ಅಂದ್ರೆ ಡಮ್ಮಿ ಮಾಲು ಇರಬೇಕು’ ಅನ್ನುತ್ತಾರೆ. ಹಾಗಲ್ಲ. ಶೀಟಿನ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಪಕ್ಕದಲ್ಲೋ ಹಿಂದೆಯೋ ಸಣ್ಣ ಅಕ್ಷರದಲ್ಲಿ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅಂತ ಇರುತ್ತದಲ್ಲ, ಅದು ಔಷಧಿಯ ಹೆಸರು. ಆ ಹೆಸರು, ಅದರ ಮುಂದಿನ ಎಂ.ಜಿ. ಎರಡೂ ಒಂದೇ ಇದೆಯಾ ಅಂತ ನೋಡಿ, ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ ಬದಲಾಯಿಸಿಕೊಳ್ಳಬಹುದು. ಅರ್ಧ ಪುಟದಲ್ಲಿ ಚಿತ್ರ ಹಾಕಿ ವಿವರಿಸಬಹುದಾದ ವಿಷಯ ಇದು. ಅದೇ ಅರ್ಧ ಪುಟದಲ್ಲಿ ನೀವು ಚಿಯಾ ಬೀಜದ ಗುಣಗಾನ ಹಾಕಿದಿರಿ.

ವಿಮೆಯ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ತೆಗೆದರು, ಮಾಮೂಲಿ ಔಷಧಿಗಳ ಮೇಲಿನ ಜಿಎಸ್‌ಟಿಯನ್ನೂ 12ರಿಂದ 5ಕ್ಕೆ ಇಳಿಸಿದರು. ಒಳ್ಳೆಯದೇ. ಆದರೆ ಬಹುತೇಕ ಪಾಲಿಸಿಗಳು ದುಡ್ಡು ಕೊಡುವುದು ಆಸ್ಪತ್ರೆಗೆ ಅಡ್ಮಿಟ್ ಆದರೆ. ಅಡ್ಮಿಟ್ ಆಗದ ಹಾಗೆ ನೋಡಿಕೊಳ್ಳುವ ತಿಂಗಳ ಮಾತ್ರೆಗೆ ಕೊಡುವುದಿಲ್ಲ. ಇದು ಎಂಥ ಲೆಕ್ಕ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಇನ್ನೊಂದು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆ. ಇದರ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಕಾರ್ಖಾನೆ, ಅಂಗಡಿ, ಹೋಟೆಲ್ ಕೆಲಸದವರಿಗೆ ಇದು ದೊಡ್ಡ ಆಸರೆ. ಸಂಬಳದಿಂದ ಕತ್ತರಿಸುವುದು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರು ಸೇರಿಸುವುದು ಮೂರೂಕಾಲು. ಅದಕ್ಕೆ ಮನೆಯವರಿಗೂ ಚಿಕಿತ್ಸೆ, ಮಾತ್ರೆಯೂ ಸೇರಿ. ಆದರೆ ತಿಂಗಳ ಸಂಬಳ 21,000 ದಾಟಿದರೆ ನೀವು ಹೊರಗೆ. ಈ ಮಿತಿಯನ್ನು 15,000ದಿಂದ 21,000ಕ್ಕೆ ಏರಿಸಿದ್ದು 2017ರ ಜನವರಿಯಲ್ಲಿ. ಅಲ್ಲಿಂದ ಇಲ್ಲಿಗೆ ವಿಜಯನಗರದಲ್ಲಿ ಒಂದು ಬೆಡ್‌ರೂಮಿನ ಮನೆ ಬಾಡಿಗೆ ಎಲ್ಲಿಗೆ ಹೋಗಿದೆ ಅಂತ ನಿಮಗೂ ಗೊತ್ತು. ನಮ್ಮ ಗಿರಾಕಿ ಒಬ್ಬರು, ಮಾಗಡಿ ರಸ್ತೆಯ ಕಡೆ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಸಂಬಳ ಸ್ವಲ್ಪ ಏರಿತು. ಗಡಿ ದಾಟಿತು. ಕೆಲವು ತಿಂಗಳಾದ ಮೇಲೆ ಕಾರ್ಡು ನಿಂತಿತು. ಹೆಂಡತಿಗೆ ಥೈರಾಯ್ಡ್, ತಾಯಿಗೆ ಶುಗರ್, ಬಿಪಿ ಎರಡೂ. ಏರಿದ ಸಂಬಳಕ್ಕಿಂತ ನನ್ನ ಬಿಲ್ಲೇ ಜಾಸ್ತಿ. ‘ಬಡ್ತಿ ಬೇಡ ಅನ್ನಬೇಕಿತ್ತು ಸಾರ್’ ಅಂತ ನಗುತ್ತಾ ಹೇಳಿದರು. ಇವರು ಹಣದ ಎಸಳಿಗೆ ಹತ್ತಕ್ಕೆ ಎಷ್ಟು ಹಾಕಿಕೊಳ್ಳಬೇಕು, ಹೇಳಿ.

ಇನ್ನು ಕೆಲಸ ಮತ್ತು ನಿದ್ದೆ. ಇವೆರಡನ್ನು ನೀವು ಬೇರೆ ಬೇರೆ ಕಡೆ ಇಟ್ಟಿದ್ದೀರಿ. ನನ್ನ ಕೌಂಟರಿನಲ್ಲಿ ಅವು ಒಂದೇ ಚೀಟಿಯಲ್ಲಿ ಬರುತ್ತವೆ, ಚೀಟಿ ಇದ್ದರೆ.

ರಾತ್ರಿ ಹತ್ತರ ಮೇಲೆ ಬರುವವರಲ್ಲಿ ಡೆಲಿವರಿ ಹುಡುಗರು ಜಾಸ್ತಿ. ಸೊಂಟಕ್ಕೆ ಸ್ಪ್ರೇ, ನೋವಿನ ಮಾತ್ರೆ, ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ. ದಿನವಿಡೀ ಹಳ್ಳ, ಹಂಪ್ ಹಾರಿಸಿದರೆ ಸೊಂಟ ಏನಾಗಬೇಕು? ಊಟದ ಹೊತ್ತಿನಲ್ಲೇ ಇವರಿಗೆ ಆರ್ಡರ್ ಜಾಸ್ತಿ, ಹಾಗಾಗಿ ಊರಿಗೆಲ್ಲ ಬಿರಿಯಾನಿ ತಲುಪಿಸಿ ಇವರು ನಾಲ್ಕು ಗಂಟೆಗೆ ಒಂದು ಬನ್ನು ತಿನ್ನುತ್ತಾರೆ. ನೋವಿನ ಮಾತ್ರೆಯನ್ನು ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಬಿಪಿ ಏರುತ್ತದೆ, ಕಿಡ್ನಿಗೆ ಪೆಟ್ಟು. ನಾನು ಹೇಳುತ್ತಲೇ ಇರುತ್ತೇನೆ. ಅವರು ತಲೆಯಾಡಿಸುತ್ತಾರೆ, ಅಷ್ಟರಲ್ಲಿ ಫೋನ್ ಕೂಗುತ್ತದೆ, ಹೊರಟರು. ಇಂಥ ಆ್ಯಪ್ ಕೆಲಸದವರಿಗೆ, ಅಂದರೆ ಗಿಗ್ ಕಾರ್ಮಿಕರಿಗೆ ಅಂತ ನಮ್ಮ ರಾಜ್ಯ 2025ರಲ್ಲಿ ಕಾನೂನು ಮಾಡಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ದುಡ್ಡಿನ ಲೆಕ್ಕದಲ್ಲಿ ಕಂಪನಿಗಳಿಂದ ನೂರಕ್ಕೆ ಒಂದರಿಂದ ಐದು ರೂಪಾಯಿ ತನಕ ಕಲ್ಯಾಣ ನಿಧಿಗೆ ತೆಗೆದುಕೊಳ್ಳಬಹುದು ಅಂತ ಅದರಲ್ಲಿದೆ. ಆ ದುಡ್ಡು ಈ ಹುಡುಗರ ಸೊಂಟದವರೆಗೆ ಬಂತಾ? ಇದನ್ನು ಬೆನ್ನು ಹತ್ತಿ ಬರೆದರೆ ಅದೂ ಆರೋಗ್ಯ ಪುರವಣಿಯ ಲೇಖನವೇ ಅಲ್ವಾ?

ಆಮೇಲೆ ಸಾಫ್ಟ್‌ವೇರಿನವರು. ಕೈಗೆ ದುಬಾರಿ ವಾಚು. ಎಷ್ಟು ಹೆಜ್ಜೆ ನಡೆದೆ, ಎಷ್ಟು ಹೊತ್ತು ನಿದ್ದೆ ಮಾಡಿದೆ, ಅದಕ್ಕೆ ಎಷ್ಟು ಅಂಕ ಅಂತ ಅದೇ ಹೇಳುತ್ತದೆ. ಅಂಕ ಕಡಿಮೆ ಬಂದಿದೆ ಅಂತ ತಲೆಕೆಡಿಸಿಕೊಂಡು ಒಬ್ಬ ಹುಡುಗ ಬಂದಿದ್ದ. ‘ಸರ್, ನಿದ್ದೆಗೆ ಏನಾದ್ರೂ ಕೊಡಿ’ ಅಂದ. ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೊಡುವುದಿಲ್ಲ. ಅಲ್ಪ್ರಜೋಲಾಮ್ ಥರದ ಮಾತ್ರೆಗಳು ಅಭ್ಯಾಸವಾಗಿಬಿಡುತ್ತವೆ, ಬಿಡಿಸುವುದು ಕಷ್ಟ, ಅದಕ್ಕೇ ಕಾನೂನು ಬಿಗಿ ಇದೆ. ಎಷ್ಟು ಹೊತ್ತಿಗೆ ಮಲಗುತ್ತೀಯಪ್ಪಾ ಅಂತ ಕೇಳಿದೆ. ರಾತ್ರಿ ಹತ್ತೂವರೆಗೆ ಅಮೆರಿಕದವರ ಜೊತೆ ಕಾಲ್, ಮುಗಿಯುವಾಗ ಹನ್ನೆರಡು, ಬೆಳಿಗ್ಗೆ ಔಟರ್ ರಿಂಗ್ ರೋಡ್ ಜಾಮ್ ಆಗುವ ಮುಂಚೆ ಬಿಡಬೇಕು ಅಂತ ಆರಕ್ಕೆ ಎದ್ದೇಳುತ್ತಾನೆ. ದೊಡ್ಡವರಿಗೆ ಕಡಿಮೆ ಅಂದರೂ ಏಳು ತಾಸು ನಿದ್ದೆ ಬೇಕು. ಹನ್ನೆರಡರಿಂದ ಆರಕ್ಕೆ ಏಳು ತಾಸು ಎಲ್ಲಿಂದ ತರುವುದು? ಅವನ ತಲೆಯಲ್ಲಿ ಯಾವ ದೋಷವೂ ಇಲ್ಲ, ಇರುವುದು ಟೈಮ್ ಟೇಬಲ್ಲಿನಲ್ಲಿ. ಅದನ್ನು ಬರೆದವರು ಬೇರೆ ಯಾರೋ. ವರ್ಷಕ್ಕೊಮ್ಮೆ ಅವರೇ ಆಫೀಸಿನಲ್ಲಿ ‘ವೆಲ್‌ನೆಸ್ ಡೇ’ ಮಾಡಿ ಎಲ್ಲರಿಗೂ ಪ್ರಾಣಾಯಾಮ ಹೇಳಿಕೊಡಿಸುತ್ತಾರಂತೆ. ಪ್ರಾಣಾಯಾಮದ ಮೇಲೆ ನನಗೆ ಕೋಪ ಇಲ್ಲ. ಹತ್ತೂವರೆಯ ಕಾಲ್ ಮೇಲೆ ಇದೆ.

ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಹೇಳಿದವು. ನಮ್ಮಲ್ಲಿ 2025ರಲ್ಲಿ ಕೆಲಸದ ದಿನವನ್ನು ಓಟಿ ಸೇರಿ 12 ತಾಸಿನವರೆಗೆ ಏರಿಸುವ ಪ್ರಸ್ತಾಪ ಬಂತು. ಅದಕ್ಕೂ ಒಂದು ವರ್ಷ ಮುಂಚೆ ಐಟಿಯವರಿಗೆ 14 ತಾಸಿನ ಮಾತೂ ಓಡಾಡಿತ್ತು. ಆ ಸುದ್ದಿಗಳನ್ನು ನೀವು ವಾಣಿಜ್ಯ ಪುಟದಲ್ಲಿ ಹಾಕಿದಿರಿ. ಆರೋಗ್ಯ ಪುಟದಲ್ಲಿ ಹಾಕಬೇಕಿತ್ತು ಅಂತ ನನ್ನ ಅಭಿಪ್ರಾಯ.

ಹೆಂಗಸರ ವಿಷಯ ನಿಮ್ಮ ಹೂವಿನಲ್ಲಿ ಎಲ್ಲೂ ಇಲ್ಲ. ಬೇಸಿಗೆ ಬಂತು ಅಂದರೆ ಉರಿಮೂತ್ರಕ್ಕೆ ಸಿರಪ್ ಕೇಳಿಕೊಂಡು ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎಷ್ಟೋ. ನೀರು ಜಾಸ್ತಿ ಕುಡೀರಮ್ಮ ಅಂದರೆ ಮುಖ ನೋಡುತ್ತಾರೆ. ನೀರು ಕುಡಿದರೆ ಎದ್ದು ಹೋಗಬೇಕು. ಎದ್ದು ಹೋದರೆ ಪೀಸ್ ಲೆಕ್ಕ ತಪ್ಪುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ. ಹೋದರೂ ಟಾಯ್ಲೆಟ್ ಚೊಕ್ಕ ಇರುವುದಿಲ್ಲ. ಅದಕ್ಕೆ ಮನೆಯಿಂದ ಹೊರಟ ಮೇಲೆ ನೀರೇ ಮುಟ್ಟುವುದಿಲ್ಲ. ಮಾರ್ಕೆಟ್ಟಿನಲ್ಲಿ ಹೂವು ಮಾರುವವರು, ಮನೆಮನೆ ಕೆಲಸ ಮಾಡುವವರು, ಇವರೆಲ್ಲರದ್ದೂ ಇದೇ ಕತೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗಂತೂ ಪಿ.ಜಿ.ಗಳಲ್ಲಿದ್ದ ಹುಡುಗಿಯರೂ ಇದೇ ಸಿರಪ್ಪಿಗೆ ಬಂದರು. ಇದು ದೇಹದ ಎಸಳಾ, ಕೆಲಸದ್ದಾ, ಪರಿಸರದ್ದಾ? ನೀವೇ ಹೇಳಿ. ‘ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ’ ಅಂತ ಇನ್ನೊಮ್ಮೆ ಅಚ್ಚು ಹಾಕುವ ಮುಂಚೆ, ಕುಡಿದವರು ಎಲ್ಲಿಗೆ ಹೋಗಬೇಕು ಅಂತಲೂ ಒಂದು ಸಾಲು ಬರೆಯಿರಿ.

ವಾಕಿಂಗ್ ಬಗ್ಗೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು ಅನ್ನುವುದು ಸರಿ, ಡಾಕ್ಟರುಗಳೂ ಅದನ್ನೇ ಹೇಳುತ್ತಾರೆ. ಲಾಲ್‌ಬಾಗಿನ 240 ಎಕರೆಯ ಹತ್ತಿರ ಮನೆ ಇದ್ದವರು ಪುಣ್ಯವಂತರು. ಉಳಿದವರು ಫುಟ್‌ಪಾತ್ ಮೇಲೆ ನಡೆಯಬೇಕು. ಅಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಬೈಕ್ ಇರುತ್ತದೆ, ಎದ್ದ ಕಲ್ಲುಚಪ್ಪಡಿ ಇರುತ್ತದೆ. ಪಾಲಿಕೆ ಒಂದಿದ್ದದ್ದು 2025ರಲ್ಲಿ ಐದಾಯಿತು, ಚಪ್ಪಡಿ ಎದ್ದದ್ದು ಎದ್ದ ಹಾಗೇ ಇದೆ. ಶುಗರ್ ಇಳಿಸೋಕೆ ವಾಕಿಂಗ್ ಹೊರಟವರು ಕಾಲು ಉಳುಕಿಸಿಕೊಂಡು ಬ್ಯಾಂಡೇಜ್ ಕೊಳ್ಳೋಕೆ ನನ್ನ ಹತ್ತಿರ ಬರುತ್ತಾರೆ. ವಯಸ್ಸಾದವರು ಒಂದು ಸಲ ಬಿದ್ದರೆ ಆಮೇಲೆ ಹೊರಗೆ ಕಾಲಿಡೋಕೇ ಹೆದರುತ್ತಾರೆ. ಗಾಳಿಯ ಕತೆ ಹೇಳುವುದೇ ಬೇಡ. ಸೂಕ್ಷ್ಮ ದೂಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಷದ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40. ನಾವು ನಮ್ಮ ಮಿತಿಯೊಳಗೇ ಇದ್ದೇವೆ ಅಂತ ಬೀಗಿದರೆ ಇನ್‌ಹೇಲರ್ ಮಾರಾಟ ಏನೂ ಇಳಿಯುವುದಿಲ್ಲ.

ಬುದ್ಧಿಯ ಎಸಳು, ಅಧ್ಯಾತ್ಮದ ಎಸಳು. ಈ ಎರಡರ ಬಗ್ಗೆ ನನಗೆ ಜಾಸ್ತಿ ಹೇಳೋಕೆ ಬರುವುದಿಲ್ಲ. ಹಂಪಿನಗರದ ಗ್ರಂಥಾಲಯಕ್ಕೆ ದಿನಾ ಹೋಗಿ ಪೇಪರ್ ಓದುವ ಹಿರಿಯರು ಮನೆಯಲ್ಲಿ ಟಿ.ವಿ. ಮುಂದೆ ಕೂರುವವರಿಗಿಂತ ಗೆಲುವಾಗಿದ್ದಾರೆ ಅಂತ ನನಗೆ ಅನ್ನಿಸುತ್ತದೆ, ಅಷ್ಟೇ. ದೇವಸ್ಥಾನಕ್ಕೆ ಹೋಗುವವರದ್ದೂ ಹಾಗೇ. ಅಲ್ಲಿ ದೇವರ ಪಾಲೆಷ್ಟು, ಕಟ್ಟೆಯ ಮೇಲಿನ ಹರಟೆಯ ಪಾಲೆಷ್ಟು ಅಂತ ನಾನು ತೂಕ ಮಾಡೋಕೆ ಹೋಗುವುದಿಲ್ಲ.

ಹರಟೆ ಅಂದೆನಲ್ಲ, ಅಲ್ಲಿಗೇ ಬರುತ್ತೇನೆ. ಒಂಟಿತನದ ಬಗ್ಗೆ ನಿಮ್ಮ ಲೇಖನದಲ್ಲಿ ‘ಗೆಳೆಯರಿಗೆ ಫೋನ್ ಮಾಡಿ’ ಅಂತಿತ್ತು. ನಮ್ಮ ಏರಿಯಾದಲ್ಲಿ ಮಕ್ಕಳು ಹೊರದೇಶದಲ್ಲಿರುವ ಹಿರಿಯರು ಬೇಕಾದಷ್ಟು ಜನ ಇದ್ದಾರೆ. ಮೊದಲು ಇವರು ಮಾತ್ರೆಗೆ ಅಂತ ಅಂಗಡಿಗೆ ನಡೆದು ಬರುತ್ತಿದ್ದರು. ‘ಏನಪ್ಪಾ, ಬಿಪಿ ಎಷ್ಟಿದೆ ನೋಡು’ ಅಂತ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. ಬಿಪಿ ನೋಡೋಕೆ ಎರಡು ನಿಮಿಷ ಸಾಕು, ಅವರು ಅರ್ಧ ತಾಸು ಕೂರುತ್ತಿದ್ದರು. ಮೊಮ್ಮಗನ ಫೋಟೋ ತೋರಿಸುವುದು, ಸರ್ಕಾರವನ್ನು ಬೈಯುವುದು, ಪಕ್ಕದಲ್ಲಿ ಬಂದವರ ಊರು ಯಾವುದು ಅಂತ ವಿಚಾರಿಸುವುದು. ಈಗ ಮಗ ಅಲ್ಲಿಂದಲೇ ಆ್ಯಪ್‌ನಲ್ಲಿ ಒತ್ತುತ್ತಾನೆ, ಮೂರು ತಿಂಗಳ ಮಾತ್ರೆ ರಿಯಾಯಿತಿ ದರದಲ್ಲಿ ಮನೆ ಬಾಗಿಲಿಗೆ ಬರುತ್ತದೆ. ನನ್ನ ವ್ಯಾಪಾರ ಹೋಯಿತು ಅಂತ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂತ ನೀವು ಅಂದುಕೊಳ್ಳಬಹುದು. ಸ್ವಲ್ಪ ಹೊಟ್ಟೆಕಿಚ್ಚೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಹಿರಿಯರಿಗೆ ಒಂದು ನಡಿಗೆ ಹೋಯಿತು, ಒಂದು ಮಾತುಕತೆ ಹೋಯಿತು, ಇವತ್ತು ಯಾಕೋ ಮುಖ ಊದಿದೆಯಲ್ಲ ಸಾರ್ ಅಂತ ಕೇಳುವ ಒಬ್ಬ ಮನುಷ್ಯನೂ ಹೋದ. ಮಗನ ತಪ್ಪೂ ಇಲ್ಲ. ಅಪ್ಪನಿಗೆ ತೊಂದರೆ ಆಗಬಾರದು ಅಂತಲೇ ಅವನು ಮಾಡಿದ್ದು.

ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ವರದಿ ಕೊಟ್ಟಿದೆ. ಹೃದಯದ ಕಾಯಿಲೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಇವಕ್ಕೆಲ್ಲ ಒಂಟಿತನವೂ ಒಂದು ಕಾರಣ ಅಂತ ಅದರಲ್ಲಿದೆ. ಇದು ವಯಸ್ಸಾದವರ ಪಾಡು ಮಾತ್ರ ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದಿಂದ ಬಂದು ಪಿ.ಜಿ.ಯಲ್ಲಿರುವ ಹುಡುಗರು ಜ್ವರಕ್ಕೆ ಮಾತ್ರೆ ತಗೊಳ್ಳುವಾಗ ‘ಅಣ್ಣಾರ, ಇದನ್ನ ಊಟಕ್ಕ ಮೊದಲ ತಗೋಬೇಕೋ ಆಮ್ಯಾಲೋ’ ಅಂತ ಮತ್ತೆ ಮತ್ತೆ ಕೇಳುತ್ತಾರೆ. ಮೊದಲ ಸಲವೇ ಗೊತ್ತಾಗಿರುತ್ತದೆ. ಮನೆಯಲ್ಲಾದರೆ ಅವ್ವ ಹೇಳುತ್ತಿದ್ದಳು, ಇಲ್ಲಿ ಯಾರೂ ಇಲ್ಲ.

ಈಗ ಮನಸ್ಸಿನ ಮಾತು. ನಿಮ್ಹಾನ್ಸ್ ಇರುವ ಊರು ನಮ್ಮದು. ದೇಶದ ಎಲ್ಲೆಲ್ಲಿಂದಲೋ ಜನ ಹೊಸೂರು ರಸ್ತೆಗೆ ಬರುತ್ತಾರೆ. ನಮ್ಮ ಏರಿಯಾದವರಿಗೆ ಹೋಗಿ ಅಂದರೆ ‘ನಿಮ್ಹಾನ್ಸ್‌ಗಾ? ನನಗೇನು ಹುಚ್ಚಾ?’ ಅನ್ನುತ್ತಾರೆ. ನಿಮ್ಹಾನ್ಸ್‌ನವರೇ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹತ್ತು ಜನ ದೊಡ್ಡವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಕಾಯಿಲೆ ಯಾವುದು ಅನ್ನುವುದರ ಮೇಲೆ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ ಅಂತ ಗೊತ್ತಾಯಿತು. ಅವರೆಲ್ಲ ಎಲ್ಲಿ ಹೋಗುತ್ತಾರೆ? ಕೆಲವರು ನನ್ನ ಹತ್ತಿರ ಬರುತ್ತಾರೆ. ತಲೆನೋವು ಅಂತಾರೆ, ಗ್ಯಾಸ್ಟ್ರಿಕ್ ಅಂತಾರೆ, ಎದೆ ಢವಢವ ಅನ್ನುತ್ತೆ ಅಂತಾರೆ. ಇಸಿಜಿ ಮಾಡಿಸಿರುತ್ತಾರೆ, ನಾರ್ಮಲ್ ಇರುತ್ತದೆ. ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗುತ್ತಾರೆ. ಅದನ್ನು ಹಾಗೆ ಸುಮ್ನೆ ನುಂಗುತ್ತಾ ಹೋದರೆ ಬಿ12 ಕಡಿಮೆ ಆಗಬಹುದು, ಕಾಲು ಜುಮ್ಮೆನ್ನಬಹುದು. ಆಮೇಲೆ ಅದಕ್ಕೆ ಇನ್ನೊಂದು ಮಾತ್ರೆ.

2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ ಇದೆ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕು ಅಂತಿಲ್ಲ. ನಾನು ಈ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಡುತ್ತೇನೆ. ‘ಇದು ಯಾವ ಡಾಕ್ಟರ್ ನಂಬರ್ರು?’ ಅಂತ ಕೇಳುತ್ತಾರೆ. ಒಬ್ಬರಿಗೂ ಗೊತ್ತಿರುವುದಿಲ್ಲ. ದಿನಾ ಚಿನ್ನದ ದರ ಹಾಕುತ್ತೀರಿ, ಜಲಾಶಯದ ಮಟ್ಟ ಹಾಕುತ್ತೀರಿ. ಅವುಗಳ ಪಕ್ಕದಲ್ಲಿ ಈ ಐದು ಅಂಕಿಗೆ ಜಾಗ ಇಲ್ವಾ? ಹಿರಿಯರ ಸಹಾಯವಾಣಿ 14567 ಕೂಡ ಅಲ್ಲೇ ಹಾಕಿ. ಹಾಗೇ, ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಇದೂ ಜನಕ್ಕೆ ಗೊತ್ತಿಲ್ಲ.

ನಮ್ಮ ಜನ ಎಚ್ಚೆತ್ತುಕೊಳ್ಳುವುದೇ ಇಲ್ಲ ಅಂತಲೂ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಊರಿಗೆ ಊರೇ ಹೃದಯ ತಪಾಸಣೆಗೆ ಸಾಲುಗಟ್ಟಿತು. 2025ರ ಜುಲೈನಲ್ಲಿ ಹಾಸನದಲ್ಲಿ ಒಬ್ಬರ ಮೇಲೊಬ್ಬರು ಹೃದಯಾಘಾತದಿಂದ ಸತ್ತ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ಮತ್ತೆ ಅದೇ ನೂಕುನುಗ್ಗಲು. ಹೆದರಿಕೆ ಇಳಿಯಿತು, ಸಾಲೂ ಕರಗಿತು. ಆ ಹೊತ್ತಿನಲ್ಲಿ ಅರ್ಧ ಊರು ಸಿಗರೇಟ್ ಬಿಡುವ ಮಾತಾಡಿತ್ತು. ನನ್ನ ಪಕ್ಕದ ಬೀಡಾ ಅಂಗಡಿಯವನು ಇವತ್ತಿಗೂ ಸುಖವಾಗಿದ್ದಾನೆ. ಹೆದರಿಕೆಯನ್ನು ನಂಬಿಕೊಂಡು ಆರೋಗ್ಯ ನಡೆಸೋಕೆ ಆಗುವುದಿಲ್ಲ. ಆದರೆ ಹೆದರಿಕೆಯಲ್ಲಿ ವ್ಯಾಪಾರ ಚೆನ್ನಾಗಿ ನಡೆಯುತ್ತದೆ. ನಿಮ್ಮ ಎಂಟು ಎಸಳಿನ ಹೂವಿನ ಕೆಳಗೇ ಮಾಸ್ಟರ್ ಹೆಲ್ತ್ ಚೆಕಪ್ ಜಾಹೀರಾತು ಇತ್ತು, ಹಬ್ಬದ ರಿಯಾಯಿತಿ ಬೇರೆ. ಅದು ಕಾಕತಾಳೀಯ ಅಂತ ನೀವು ಹೇಳಿದರೆ ನಾನು ಒಪ್ಪುತ್ತೇನೆ, ವಾದ ಮಾಡುವುದಿಲ್ಲ.

ನಾನು ಕೇಳುವುದು ಇಷ್ಟೇ. ಮುಂದಿನ ಸಲ ‘ಕೆಲಸದ ಆರೋಗ್ಯ’ ಅಂತ ಬರೆಯುವಾಗ ನೌಕರರಿಗೆ ಸಲಹೆ ಕೊಡುವ ಬದಲು ಒಂದಿಷ್ಟು ಕಂಪನಿಗಳಿಗೆ ಪ್ರಶ್ನೆ ಕಳುಹಿಸಿ. ರಾತ್ರಿ ಹತ್ತರ ಮೇಲೆ ಯಾಕೆ ಕಾಲ್ ಇಡುತ್ತೀರಿ, ಗಾರ್ಮೆಂಟ್ಸ್‌ನಲ್ಲಿ ಎಷ್ಟು ಜನಕ್ಕೆ ಎಷ್ಟು ಟಾಯ್ಲೆಟ್, ಡೆಲಿವರಿ ಹುಡುಗರು ಕೂತು ಊಟ ಮಾಡೋಕೆ ಜಾಗ ಎಲ್ಲಿ. ಉತ್ತರ ಕೊಟ್ಟವರ ಉತ್ತರ ಹಾಕಿ, ಕೊಡದವರ ಹೆಸರು ಹಾಕಿ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳು ಸಾಮಾನ್ಯವಾಗಿ ಸಂಜೆ ನಾಲ್ಕೂವರೆಗೆ ಬಾಗಿಲು ಹಾಕುತ್ತವೆ, ಕೂಲಿಯವರು ಕೆಲಸ ಬಿಡುವುದೇ ಆರಕ್ಕೆ. ಅಲ್ಲಿ ಬಿಪಿ, ಶುಗರ್ ಮಾತ್ರೆ ಬಿಟ್ಟಿ ಸಿಗುತ್ತದೆ. ಎಲ್ಲ ಕಡೆ ರಾತ್ರಿ ಎಂಟರವರೆಗೆ ತೆರೆದಿಟ್ಟರೆ ಎಷ್ಟು ಜನ ಐದು ಮಾತ್ರೆ ಕತ್ತರಿಸಿಕೊಂಡು ಹೋಗುವುದು ತಪ್ಪುತ್ತದೆ ಅಂತ ಆರೋಗ್ಯ ಇಲಾಖೆಯವರನ್ನು ಕೇಳಿ. ಇಎಸ್‌ಐ ಮಿತಿಯ ಬಗ್ಗೆ ನಮ್ಮ ಎಂ.ಪಿ.ಗಳು ಸಂಸತ್ತಿನಲ್ಲಿ ಬಾಯಿ ಬಿಟ್ಟಿದ್ದಾರಾ ನೋಡಿ. ಇವೆಲ್ಲ ರಾಜಕೀಯದ ಪುಟಕ್ಕೆ ಹೋಗಬೇಕಾದ್ದು ಅಂತ ನಿಮ್ಮ ಡೆಸ್ಕಿನವರು ಹೇಳಬಹುದು. ಹೋಗಲಿ, ಯಾವ ಪುಟದಲ್ಲಾದರೂ ಬರಲಿ.

ವರದಿಗಾರರನ್ನು ಕಳುಹಿಸುವುದಾದರೆ ಅಂಗಡಿಯ ವಿಳಾಸ, ಫೋನ್ ನಂಬರ್ ಲಕೋಟೆಯ ಮೇಲೆ ಬರೆದಿದ್ದೇನೆ. ಅಚ್ಚು ಹಾಕಬೇಡಿ. ಗಿರಾಕಿಗಳ ಹೆಸರು ನಾನು ಕೊಡುವುದಿಲ್ಲ, ಅವರು ಒಪ್ಪಿದರೆ ಅವರೇ ಮಾತಾಡುತ್ತಾರೆ. ಬರುವುದಾದರೆ ತಿಂಗಳ ಇಪ್ಪತ್ತೈದರ ಆಚೆ ಈಚೆ, ರಾತ್ರಿ ಎಂಟರ ಮೇಲೆ ಬರಲಿ. ಮೊದಲ ವಾರ ಬೆಳಿಗ್ಗೆ ಬಂದು ನಿಂತರೆ ಎಲ್ಲರೂ ಪೂರ್ತಿ ಶೀಟೇ ಕೊಳ್ಳುತ್ತಿರುತ್ತಾರೆ, ನಾನು ಬರೆದಿದ್ದೆಲ್ಲ ಸುಳ್ಳು ಅನ್ನಿಸಿಬಿಡುತ್ತದೆ.

ಇಂತಿ,
ಒಬ್ಬ ಮೆಡಿಕಲ್ ಶಾಪಿನವ
ವಿಜಯನಗರ, ಬೆಂಗಳೂರು